ಮೋಟಾರು ಉಳಿಯಿತು, ಬೋರ್ಡು ಹೋಯಿತು

ಹೋದ ತಿಂಗಳು ನಮ್ಮ ಫ್ಲಾಟಿನ ವಾಷಿಂಗ್ ಮಷೀನು ನಿಂತುಹೋಯ್ತು. ರಿಪೇರಿಗೆ ಬಂದ ಹುಡುಗ ಎರಡು ನಿಮಿಷ ನೋಡಿ, "ಬೋರ್ಡ್ ಹೋಗಿದೆ ಸಾರ್, ಅದರ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದ್ರೆ ಹೊಸದೇ ಬರುತ್ತೆ" ಅಂದ. ಮೋಟಾರು? "ಅದು ಚೆನ್ನಾಗೇ ಇದೆ. ಇಟ್ಕೊಂಡು ಏನ್ಮಾಡ್ತೀರ?"

ಉತ್ತರ ಗೊತ್ತಿಲ್ಲದಿದ್ದರೂ ಗುಜರಿಗೆ ಹಾಕುವ ಮುಂಚೆ ಮೋಟಾರನ್ನು ಬಿಚ್ಚಿ ಇಟ್ಟುಕೊಂಡೆ. ಆಮೇಲೆ ಓದುತ್ತಾ ಹೋದರೆ, ಈ ಚಟ ನನಗಿಂತ ಬಹಳ ಹಳೆಯದು.

ಅಮೆರಿಕದ ಅಯೋವಾ ರಾಜ್ಯದ ನ್ಯೂಟನ್ ಊರಿನ ಮೇಟ್ಯಾಗ್ ಕಂಪನಿ 1910ರ ದಶಕದಲ್ಲಿ ಪೆಟ್ರೋಲ್ ಎಂಜಿನ್ನಿನ ವಾಷಿಂಗ್ ಮಷೀನು ಮಾರತೊಡಗಿತು. ತಮಾಷೆಗಲ್ಲ, ಹಳ್ಳಿಗಳಲ್ಲಿ ಕರೆಂಟೇ ಇರಲಿಲ್ಲ. 1930ರ ದಶಕದ ನಡುವಿನಲ್ಲೂ ಅಲ್ಲಿನ ಹತ್ತು ರೈತಮನೆಗಳಲ್ಲಿ ಸುಮಾರು ಒಂಬತ್ತಕ್ಕೆ ವಿದ್ಯುತ್ ಬಂದಿರಲಿಲ್ಲ. 1927ರಲ್ಲಿ ಬಂದ 'ಮಾಡೆಲ್ 92' ಎಂಬ ಎಂಜಿನ್ನಿಗೆ ಒಂದೇ ಸಿಲಿಂಡರ್, ಒಂದು ಅಶ್ವಶಕ್ತಿಗೂ ಕಡಿಮೆ ಬಲ. ಹೆಂಗಸರು ಸ್ಕೂಟರಿನ ಹಾಗೆ ಕಾಲಲ್ಲಿ ಒದ್ದು ಅದನ್ನು ಶುರು ಮಾಡಬೇಕಿತ್ತು. ಹೊಗೆಯನ್ನು ಮನೆಯಿಂದಾಚೆ ಬಿಡಲು ಬಗ್ಗುವ ಲೋಹದ ಕೊಳವೆ ಬೇರೆ. ಆ ಸದ್ದು, ವಾಸನೆ ಊಹಿಸಿಕೊಳ್ಳಿ! ಆದರೂ ಒಗೆಯುವ ಕಲ್ಲಿನ ಮುಂದೆ ಬಗ್ಗಿ ಬೆನ್ನು ಸವೆಸಿದವರಿಗೆ ಅದು ವರವೇ ಆಗಿದ್ದಿರಬೇಕು.

1935ರಲ್ಲಿ ಸರ್ಕಾರ ಗ್ರಾಮೀಣ ವಿದ್ಯುದೀಕರಣಕ್ಕೆಂದೇ ಒಂದು ಇಲಾಖೆ ತೆರೆಯಿತು. ತಂತಿ ಬಂದಲ್ಲೆಲ್ಲ ಎಂಜಿನ್ನುಗಳಿಗೆ ಕೆಲಸ ಹೋಯಿತು. ಅವು ಬಿದ್ದದ್ದು ಮನೆಯ ಹುಡುಗರ ಕೈಗೆ. ಹಲಗೆ ಗಾಡಿಗೆ, ಸೈಕಲ್ಲಿಗೆ, ನೀರಿನ ಪಂಪಿಗೆ ಕಟ್ಟಿ ಓಡಿಸಿದರು. ಟ್ಯಾಂಕೂ ಎಂಜಿನ್ನಿನ ಬುಡದಲ್ಲೇ ಇತ್ತು. ಬೋಲ್ಟು ಬಿಚ್ಚಿದರೆ ಮುಗೀತು, ಇಡೀ ಯಂತ್ರ ಜೊತೆಗೇ ಎದ್ದು ಬರುತ್ತಿತ್ತು.

ಮುಂದಿನ ಕತೆ ನ್ಯೂಜಿಲೆಂಡಿನದು. 1991ರಲ್ಲಿ ಅಲ್ಲಿನ ಫಿಶರ್ ಅಂಡ್ ಪೇಕೆಲ್ ಕಂಪನಿ 'ಸ್ಮಾರ್ಟ್ ಡ್ರೈವ್' ಎಂಬ ಮಷೀನು ತಂದಿತು. ಬೆಲ್ಟಿಲ್ಲ, ಗೇರುಪೆಟ್ಟಿಗೆಯಿಲ್ಲ. ಆಯಸ್ಕಾಂತಗಳ ಅಗಲ ಬಳೆಯೊಂದು ನೇರ ತೊಟ್ಟಿಯ ಶಾಫ್ಟಿಗೇ ಕೂತಿದೆ. ಇಂಥ ಮೋಟಾರನ್ನು ಹೊರಗಿನಿಂದ ತಿರುಗಿಸಿದರೆ ಅದೇ ಜನರೇಟರ್. ತಂತಿ ತಲುಪದ ತೋಟದಮನೆಗಳ ಜನ ಹಳೇ ಮಷೀನಿನಿಂದ ಅದನ್ನು ಕಿತ್ತು ಗಾಳಿಯ ರೆಕ್ಕೆಗೆ, ತೊರೆಯ ನೀರಿನ ಚಕ್ರಕ್ಕೆ ಜೋಡಿಸಿದರು. ವೋಲ್ಟೇಜು ತೀರಾ ಹೆಚ್ಚಾಗುತ್ತಿತ್ತು. ಅದಕ್ಕೆ ಸುರುಳಿಗಳ ಜೋಡಣೆಯನ್ನು ಕತ್ತರಿಸಿ, ಬೇರೆ ಗುಂಪುಗಳಾಗಿ ಬೆಸೆದು, ಬ್ಯಾಟರಿಗೆ ಒಗ್ಗಿಸಿಕೊಂಡರು. ಅಯೋವಾದಲ್ಲಿ ಕರೆಂಟು ಬಂದದ್ದರಿಂದ ಎಂಜಿನ್ನು ಹೊರಬಿತ್ತು, ಇಲ್ಲಿ ಹೊರಬಿದ್ದ ಮೋಟಾರೇ ಕರೆಂಟು ತಂದಿತು. ಮಷೀನಿನ ಬೋರ್ಡು ಇವರಿಗೆ ಬೇಕಾಗಲೇ ಇಲ್ಲ.

ನನ್ನದು ಅಷ್ಟು ಸಲೀಸಲ್ಲ. ಇದು ಬ್ರಷ್ ಇರುವ ಯೂನಿವರ್ಸಲ್ ಮೋಟಾರು. ಸ್ಪಿನ್ ಮಾಡುವಾಗ ನಿಮಿಷಕ್ಕೆ 10,000 ಸುತ್ತು ದಾಟುತ್ತದೆ. ಬಾಲದಲ್ಲಿ ವೇಗ ಅಳೆಯುವ ಪುಟ್ಟ ಟ್ಯಾಕೋ ಇದೆ, ಅದನ್ನು ಓದಿ ಲಗಾಮು ಹಿಡಿಯುತ್ತಿದ್ದದ್ದು ಸತ್ತ ಬೋರ್ಡು. ಲಗಾಮಿಲ್ಲದೆ, ಹೊರೆಯೂ ಇಲ್ಲದೆ ನೇರ ಕರೆಂಟು ಕೊಟ್ಟರೆ ಹುಚ್ಚು ಕುದುರೆ. ಸುಮಾರು 3,000 ಸುತ್ತಿಗೆಂದು ಮಾಡಿದ ಸಾಣೆಕಲ್ಲನ್ನು ಇದಕ್ಕೆ ಸಿಕ್ಕಿಸಿದರೆ ಕಲ್ಲು ಸಿಡಿದು ಮುಖಕ್ಕೇ ಬಡಿಯಬಹುದು. ಹಳ್ಳಿ ಹುಡುಗರಿಗೆ ಇಡೀ ಯಂತ್ರ ಸಿಕ್ಕಿತ್ತು, ನನಗೆ ಸಿಕ್ಕಿದ್ದು ಬರೀ ಮೈ.

ಟ್ಯಾಕೋ ಓದಬಲ್ಲ ಒಂದು ಕಂಟ್ರೋಲರ್ ಆರ್ಡರ್ ಮಾಡಿದ್ದೇನೆ. ಅದು ಬರುವವರೆಗೆ ಮೋಟಾರು ಬಾಲ್ಕನಿಯಲ್ಲಿ, ತುಳಸಿ ಕುಂಡದ ಪಕ್ಕ. ನಿನ್ನೆ ಫೋನಿನಲ್ಲಿ ಇಷ್ಟೆಲ್ಲ ಕೇಳಿಸಿಕೊಂಡ ಅಮ್ಮನದು ಒಂದೇ ಪ್ರಶ್ನೆ: "ಅದರಲ್ಲಿ ದೋಸೆ ಹಿಟ್ಟು ರುಬ್ಬೋಕಾಗುತ್ತೇನೋ?"