ಪಟ್ಟಣಸಭೆಯ ರಾಜಕೀಯವೂ ಪಕ್ಷದ ಪತ್ರಿಕೆಯ ಸಾಕ್ಷ್ಯವೂ: ಎಡೆದೊರೆಯ ಮೂರು ಊರುಗಳನ್ನು ಕುರಿತು ಒಂದು ವಿಚಾರ

ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ಊರುಗಳು ಕೃಷ್ಣಾ ತುಂಗಭದ್ರಾ ನದಿಗಳ ನಡುವೆ, ಹಳೆಯ ಶಾಸನಗಳು ಎಡೆದೊರೆಯೆಂದು ಕರೆಯುವ ನಾಡಿನಲ್ಲಿವೆ. ಈ ನಾಡಿನ ಅರಸುಮನೆತನಗಳನ್ನೂ ಯುದ್ಧಗಳನ್ನೂ ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ಇಲ್ಲಿಯ ಪಟ್ಟಣಸಭೆಗಳ ಚರಿತ್ರೆಯನ್ನು ಬರೆಯಹೊರಡುವವನಿಗೆ ಮೊದಲ ಹೆಜ್ಜೆಯಲ್ಲೇ ಒಂದು ತೊಡಕು ಎದುರಾಗುತ್ತದೆ. ಅವನ ಮುಂದೆ ಎರಡು ಬಗೆಯ ಆಧಾರಗಳುಂಟು. ಒಂದು, ಸಭೆಯ ನಡವಳಿ ಪುಸ್ತಕ. ಅದರಲ್ಲಿ ಠರಾವು ಇರುತ್ತದೆ. ಠರಾವಿನ ಹಿಂದಿನ ಜಗಳವಿರುವುದಿಲ್ಲ. ಇನ್ನೊಂದು, ಸ್ಥಳೀಯ ಪತ್ರಿಕೆ. ಅದರಲ್ಲಿ ಜಗಳವೆಲ್ಲವೂ ಇರುತ್ತದೆ. ಆದರೆ ಬರೆದವನು ಒಂದಿಲ್ಲೊಂದು ಪಕ್ಷಕ್ಕೆ ಒಲಿದವನಾಗಿರುತ್ತಾನೆ. ಇಂಥ ಪತ್ರಿಕೆಯ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು, ಯಾವ ಸ್ಥಿತಿಯಲ್ಲಿ ನಂಬಬಹುದು ಎಂಬುದನ್ನು ಇಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

ಪಕ್ಷಪಾತವುಳ್ಳ ಬರಹವೆಲ್ಲ ತ್ಯಾಜ್ಯವೆಂದರೆ ಈ ನಾಡಿನ ಚರಿತ್ರೆಯೇ ಉಳಿಯುವುದಿಲ್ಲ. ರಾಯಚೂರಿನ ಯುದ್ಧವನ್ನೇ ನೋಡೋಣ. ಅದನ್ನು ವರ್ಣಿಸಿರುವ ನ್ಯೂನಿಜ್ ವಿಜಯನಗರದಲ್ಲಿದ್ದ ಪೋರ್ಚುಗೀಸ್ ವ್ಯಾಪಾರಿ. ಫೆರಿಸ್ತಾ ಬಿಜಾಪುರದ ಆಸ್ಥಾನದ ಆಶ್ರಯದಲ್ಲಿ ಬರೆದವನು. ನ್ಯೂನಿಜನು ಕೃಷ್ಣದೇವರಾಯನ ಸೇನೆಯನ್ನು ಲಕ್ಷಗಳಲ್ಲಿ ಎಣಿಸುತ್ತಾನೆ. ಫೆರಿಸ್ತಾ ಸೋಲಿನ ಹೊಣೆಯನ್ನು ಇಸ್ಮಾಯಿಲ್ ಆದಿಲಶಾಹನು ಮದ್ಯದ ಅಮಲಿನಲ್ಲಿ ನದಿ ದಾಟಹೊರಟದ್ದರ ಮೇಲೆ ಹೊರಿಸುತ್ತಾನೆ. ಆದರೂ ಆದಿಲಶಾಹನು ಸೋತನೆಂಬುದನ್ನೂ ಅವನ ಸೈನಿಕರಲ್ಲಿ ಅನೇಕರು ಕೃಷ್ಣೆಯ ಪಾಲಾದರೆಂಬುದನ್ನೂ ಇಬ್ಬರೂ ಹೇಳುತ್ತಾರೆ. ನ್ಯೂನಿಜನು ಕೊಟ್ಟ 1522ನೆಯ ಇಸವಿಯನ್ನು ರಾಬರ್ಟ್ ಸೀವೆಲ್ಲರು 1900ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಇತರ ಆಧಾರಗಳೊಡನೆ ಹೋಲಿಸಿ 1520ಕ್ಕೆ ತಿದ್ದಿದರು. ಇಬ್ಬರೂ ಪಕ್ಷಪಾತಿಗಳೇ, ಆದರೆ ಅವರು ಎದುರುಬದುರು ಪಕ್ಷದವರಾದ ಕಾರಣ, ಒಬ್ಬನು ಮುಚ್ಚಿದುದನ್ನು ಇನ್ನೊಬ್ಬನ ಬರಹದಲ್ಲಿ ಹುಡುಕಲು ಸಾಧ್ಯವಾಯಿತು.

ಸರ್ಕಾರಿ ಲೇಖವಾದರೂ ಪಕ್ಷಪಾತದಿಂದ ಪೂರ್ತಿ ಮುಕ್ತವಾದುದೇನಲ್ಲ. 1915ರಲ್ಲಿ ಮಸ್ಕಿಯಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡುಹಿಡಿದು, ಎಚ್. ಕೃಷ್ಣಶಾಸ್ತ್ರಿಗಳು ಪ್ರಕಟಿಸಿದ ಶಾಸನವು ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದನ್ನು ಹೆಸರು ಹಿಡಿದು ಹೇಳಿತು. ಸಾರ್ವಜನಿಕ ಲೇಖದ ಬೆಲೆ ಏನೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಆದರೆ ಅದೇ ಅರಸನು ಕಳಿಂಗಯುದ್ಧದ ಪಶ್ಚಾತ್ತಾಪವನ್ನು ಹೇಳುವ ಹದಿಮೂರನೆಯ ಶಿಲಾಶಾಸನವನ್ನು ಕಳಿಂಗದ ಧೌಲಿ, ಜೌಗಡಗಳಲ್ಲಿ ಕೆತ್ತಿಸಲಿಲ್ಲ. ಅಧಿಕೃತ ಲೇಖವು ಏನನ್ನು ಹೇಳುತ್ತದೆಂಬುದರಷ್ಟೇ, ಎಲ್ಲಿ ಮೌನವಾಗಿರುತ್ತದೆಂಬುದೂ ಚರಿತ್ರಕಾರನಿಗೆ ಮುಖ್ಯ. ಪಟ್ಟಣಸಭೆಯ ನಡವಳಿಗೂ ಈ ಮಾತು ಸಲ್ಲುತ್ತದೆ.

ಈಗ ಆಧುನಿಕ ಕಾಲಕ್ಕೆ ಬರೋಣ. ಲಿಂಗಸುಗೂರು 1905ರವರೆಗೆ ಜಿಲ್ಲೆಯ ಮುಖ್ಯಸ್ಥಳವಾಗಿತ್ತು. ಆ ವರ್ಷ ಆ ಜಿಲ್ಲೆಯನ್ನು ರದ್ದುಮಾಡಿದರು. ಈ ಮೂರು ಊರುಗಳೂ 1948ರವರೆಗೆ ನಿಜಾಮರ ಆಡಳಿತದಲ್ಲಿದ್ದವು. ಆಗ ಪತ್ರಿಕೆ ಹೊರಡಿಸುವುದಕ್ಕೆ ಸರ್ಕಾರದ ಅಪ್ಪಣೆ ಬೇಕಾಗಿತ್ತು. ಸಾರ್ವಜನಿಕ ಸಭೆ ಸೇರುವುದಕ್ಕೂ ನಿರ್ಬಂಧವಿತ್ತು. 53ನೆಯ ಗಸ್ತಿಯೆಂಬ ಆಜ್ಞೆ ಈ ಕಾರಣದಿಂದಲೇ ಕುಪ್ರಸಿದ್ಧವಾಯಿತು. ಆಡಳಿತದ ಭಾಷೆ ಉರ್ದು. ಜನರ ಭಾಷೆ ಕನ್ನಡ. ಹೀಗಿರಲು, ಊರಿನ ತೆರಿಗೆ, ದೀಪ, ನೀರುಗಳ ವಿಷಯದಲ್ಲಿ ಅಧಿಕಾರಿಗಳು ಏನು ಮಾಡಿದರೆಂಬುದನ್ನು ಸಾಮಾನ್ಯ ನಿವಾಸಿಯು ಓದಿ ಪರೀಕ್ಷಿಸುವ ದಾರಿಯೇ ಇರಲಿಲ್ಲ. ರಾಜ್ಯವು ಭಾರತದೊಡನೆ ಸೇರಬೇಕೆಂದು ಬರೆಯುತ್ತಿದ್ದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರು 1948ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದರು. ಅವರ ಪತ್ರಿಕೆಯೂ ಒಂದು ಪಕ್ಷವನ್ನು ಹಿಡಿದದ್ದೇ. ವಿರೋಧಪಕ್ಷದ ಬರಹಗಾರನನ್ನು ಹೀಗೆ ನಿವಾರಿಸಿದ ಮೇಲೆ ಉಳಿಯುವುದು ನಿಷ್ಪಕ್ಷಪಾತವಾದ ಸತ್ಯವಲ್ಲ. ಪರೀಕ್ಷೆಗೆ ಒಳಗಾಗದ ಏಕಪಕ್ಷದ ಮಾತು ಮಾತ್ರ.

ಇದು ನಿಜಾಮರ ರಾಜ್ಯದ ದೋಷ ಮಾತ್ರವೆಂದು ಭಾವಿಸುವುದು ಸರಿಯಲ್ಲ. ಪ್ರಜಾಪ್ರತಿನಿಧಿ ಸಭೆಯನ್ನು ಹೊಂದಿದ್ದ ಮೈಸೂರು ಸಂಸ್ಥಾನದಲ್ಲಿಯೂ 1908ರಲ್ಲಿ, ವಿ. ಪಿ. ಮಾಧವರಾಯರು ದಿವಾನರಾಗಿದ್ದಾಗ, ಪತ್ರಿಕೆಗಳನ್ನು ನಿಯಂತ್ರಿಸುವ ಕಾನೂನು ಬಂದಿತು. ಆಡಳಿತದ ಮೇಲೆ ಪತ್ರಿಕೆಗಳು ಮಾಡುತ್ತಿದ್ದ ಕಟುವಾದ ಟೀಕೆಯೇ ಅದಕ್ಕೆ ಹಿನ್ನೆಲೆ. ತಾತಯ್ಯನವರೆಂದು ಜನ ಗೌರವಿಸುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟನೆಯಾಗಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಕಾನೂನಿನಿಂದ ಟೀಕೆ ತಗ್ಗಿತು. ವರದಿಗಳ ಯಥಾರ್ಥತೆ ಹೆಚ್ಚಿತೆಂದು ಹೇಳಲು ಆಧಾರವಿಲ್ಲ.

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ವಿಶಾಲ ಮೈಸೂರಿಗೆ ಸೇರಿತು. ಹೈದರಾಬಾದಿನ ಪುರಸಭಾ ಕಾನೂನಿನ ಸ್ಥಾನದಲ್ಲಿ 1964ರ ಪುರಸಭೆಗಳ ಅಧಿನಿಯಮವು ಬಂದಿತು. ಸಭೆಯು ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದಿರಬೇಕು, ನಡವಳಿಯನ್ನು ಬರೆದಿಡಬೇಕು ಎಂಬ ತತ್ತ್ವಗಳನ್ನು ಅದು ಅಂಗೀಕರಿಸಿತು. ತುಂಗಭದ್ರಾ ಎಡದಂಡೆಯ ಕಾಲುವೆಯಿಂದ ಸಿಂಧನೂರಿನ ಸುತ್ತ ಭತ್ತದ ಬೆಳೆ ಹಬ್ಬಿತು, ಊರು ಬೆಳೆಯಿತು. ಬೆಳೆದ ಊರಿನಲ್ಲಿ ನಿವೇಶನ, ಅಂಗಡಿ ಮಳಿಗೆಯ ಹರಾಜು, ಕುಡಿಯುವ ನೀರಿನ ಗುತ್ತಿಗೆ ಮೊದಲಾದವು ಹಣದ ವಿಷಯಗಳಾಗುತ್ತವೆ. ಹಣವಿದ್ದೆಡೆ ಪಕ್ಷವೂ ಇರುತ್ತದೆ. ಕರ್ನಾಟಕದಲ್ಲಿ ಗ್ರಾಮಪಂಚಾಯತಿಯ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ. ಪಟ್ಟಣಸಭೆಯದು ಚಿಹ್ನೆಯೊಡನೆ ನಡೆಯುತ್ತದೆ. ಆದಕಾರಣ ಪಟ್ಟಣದ ಸುದ್ದಿಯಲ್ಲಿ ಪಕ್ಷದ ಬಣ್ಣವಿರುವುದು ಆಶ್ಚರ್ಯವಲ್ಲ.

ಈ ಬಣ್ಣವು ಯಾವಾಗ ಅಪಾಯಕರವಾಗುತ್ತದೆ? ದಾಖಲೆ ಮುಚ್ಚಿದಾಗ ಅಥವಾ ದಾಖಲೆಯೇ ಹುಟ್ಟದಿದ್ದಾಗ ಎಂಬುದು ನಮ್ಮ ಅಭಿಪ್ರಾಯ. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ಪಟ್ಟಣ ಸಂಸ್ಥೆಗಳಿಗೆ ಚುನಾವಣೆ ನಡೆಯಿತು. ಆದರೆ ಅಧ್ಯಕ್ಷ ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿಯು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ಗೆದ್ದ ಸದಸ್ಯರು ಸುಮಾರು ಎರಡು ವರ್ಷ ಅಧಿಕಾರವಿಲ್ಲದೆ ಕಾಯಬೇಕಾಯಿತು. ಆಡಳಿತಾಧಿಕಾರಿಗಳು ಕೆಲಸ ನಡೆಸಿದರು. ಚರ್ಚೆಯೇ ಇಲ್ಲದ ಕಾಲದಲ್ಲಿ ಚರ್ಚೆಯ ವರದಿಯೂ ಇರಲಾರದು; ಆ ಬರಿದಾದ ಜಾಗವನ್ನು ವದಂತಿ ತುಂಬುವುದು ಸಹಜ. ಅಲ್ಪ ಅಂತರದ ಸ್ಪರ್ಧೆಗಳಲ್ಲಿ ಇದರ ಪರಿಣಾಮ ಎಷ್ಟೆಂಬುದನ್ನು ಊಹಿಸಬಹುದು. ವಿಧಾನಸಭೆಯ ಚುನಾವಣೆಯಾದರೂ, 2018ರಲ್ಲಿ ಮಸ್ಕಿ ಕ್ಷೇತ್ರದ ಫಲಿತಾಂಶ ನಿರ್ಣಯವಾದದ್ದು ಕೇವಲ 213 ಮತಗಳಿಂದ. ಅಷ್ಟು ಮತಗಳನ್ನು ಅತ್ತಿತ್ತ ಮಾಡಲು ಒಂದು ಓಣಿಯಲ್ಲಿ ಒಂದು ಸಂಜೆ ಹಬ್ಬಿದ ಸುಳ್ಳುಸುದ್ದಿ ಸಾಕು. ಈಗಂತೂ ಸುದ್ದಿಯು ಅಚ್ಚಿನ ಮನೆಯನ್ನು ಕಾಯದೆ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ. ಮರುದಿನದ ತಿದ್ದುಪಡಿ ಅದನ್ನು ಹಿಂಬಾಲಿಸಲಾರದು.

ಪತ್ರಿಕಾ ವೃತ್ತಿಯೂ ತನ್ನ ದಾಖಲೆಯನ್ನು ಮುಚ್ಚಿಟ್ಟ ಪ್ರಸಂಗವುಂಟು. ಹಣ ಪಡೆದು ಸುದ್ದಿ ಪ್ರಕಟಿಸುವ ಪದ್ಧತಿಯನ್ನು ವಿಚಾರಿಸಲು ಭಾರತೀಯ ಪತ್ರಿಕಾ ಮಂಡಲಿ ನೇಮಿಸಿದ ಉಪಸಮಿತಿಯು ಪತ್ರಿಕೆಗಳ ಹೆಸರು ಸಹಿತ ವಿಸ್ತಾರವಾದ ವರದಿ ಕೊಟ್ಟಿತು. ಮಂಡಲಿಯು 2010ರಲ್ಲಿ ಅದನ್ನು ಸಂಕ್ಷೇಪಿಸಿ ಅಂಗೀಕರಿಸಿತು. ಪೂರ್ಣ ವರದಿ ಬೆಳಕು ಕಂಡದ್ದು 2011ರಲ್ಲಿ, ಕೇಂದ್ರ ಮಾಹಿತಿ ಆಯೋಗದ ಆಜ್ಞೆಯ ಮೇಲೆ. ಪಕ್ಷಕ್ಕೆ ಒಲಿದು ಬರೆಯುವುದಕ್ಕೂ ಬೆಲೆಗೆ ಬರೆಯುವುದಕ್ಕೂ ಅಂತರವಿದೆ. ಮೊದಲನೆಯವನ ನಿಲುವು ಓದುಗನಿಗೆ ತಿಳಿದಿರುತ್ತದೆ. ಎರಡನೆಯವನ ನಿಲುವು ತಿಳಿಯದು. ಚರಿತ್ರಕಾರನು ಹೆಚ್ಚು ಶಂಕಿಸಬೇಕಾದದ್ದು ಎರಡನೆಯವನನ್ನು.

ನ್ಯಾಯಶಾಸ್ತ್ರವೂ ಈ ವಿಷಯದಲ್ಲಿ ನಮಗೊಂದು ಅಳತೆಯನ್ನು ಕೊಟ್ಟಿದೆ. 1994ರಲ್ಲಿ ಆರ್. ರಾಜಗೋಪಾಲ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಸ್ಥಳೀಯ ಸಂಸ್ಥೆಯು ತನ್ನ ಮಾನಹಾನಿಯಾಯಿತೆಂದು ಪರಿಹಾರ ಕೇಳಿ ದಾವೆ ಹೂಡಲಾಗದೆಂದು ಹೇಳಿತು. ಅಧಿಕಾರಿಯ ಕರ್ತವ್ಯ ನಿರ್ವಹಣೆಯನ್ನು ಟೀಕಿಸಿದ ಲೇಖಕನು ಸಂಗತಿಗಳನ್ನು ಯುಕ್ತವಾಗಿ ಪರಿಶೀಲಿಸಿ ಬರೆದೆನೆಂದು ತೋರಿಸಿದರೆ ಸಾಕೆಂದೂ, ಸತ್ಯಾಸತ್ಯದ ಗೊಡವೆಯೇ ಇಲ್ಲದೆ ಬರೆದವನಿಗೆ ಆ ರಕ್ಷಣೆಯಿಲ್ಲವೆಂದೂ ಅದರ ಸಾರ. ಲೇಖಕನು ಯಾವ ಪಕ್ಷದವನೆಂಬ ಪ್ರಶ್ನೆ ಇಲ್ಲಿಲ್ಲ. ಪರಿಶೀಲಿಸಿದನೆ ಎಂಬುದೇ ಪ್ರಶ್ನೆ.

ಇದೇ ಅಳತೆಯನ್ನು ಸಂಶೋಧಕನೂ ಬಳಸಬಹುದು. ಪತ್ರಿಕೆಯ ವರದಿಯಲ್ಲಿ ದಿನಾಂಕ, ಮೊಬಲಗು, ಠರಾವಿನ ಸಂಖ್ಯೆ ಇವೆಯೇ? ಅವು ನಡವಳಿಯೊಡನೆ ಹೊಂದುತ್ತವೆಯೇ? ಎದುರು ಪಕ್ಷದ ಪತ್ರಿಕೆಯು ಅದೇ ಸಂಗತಿಯನ್ನು ಅಲ್ಲಗಳೆದಿದೆಯೇ, ಅರ್ಥವನ್ನು ಮಾತ್ರ ಅಲ್ಲಗಳೆದಿದೆಯೇ? ವಿರೋಧಿಯೂ ಒಪ್ಪಿದ ಸಂಗತಿಯನ್ನು ಸ್ವೀಕರಿಸಬಹುದು; ನಡವಳಿಯೂ ಎರಡು ಪತ್ರಿಕೆಗಳೂ ಭಿನ್ನವಾದಲ್ಲಿ ಮೂರನ್ನೂ ಮುಂದಿಟ್ಟು ತೀರ್ಪನ್ನು ತಡೆಹಿಡಿಯಬೇಕು.

ಇಂಥ ಪರೀಕ್ಷೆಗೆ ಆಧಾರಗಳು ಉಳಿದಿರಬೇಕಷ್ಟೆ. ಸಣ್ಣ ಪತ್ರಿಕೆಗಳ ಹಳೆಯ ಸಂಚಿಕೆಗಳು ರದ್ದಿಗೆ ಹೋಗುತ್ತವೆ; ನಡವಳಿ ಪುಸ್ತಕಗಳು ಗೆದ್ದಲಿನ ಪಾಲಾಗುತ್ತವೆ. ಮಸ್ಕಿಯ ಬಂಡೆ ಎರಡು ಸಾವಿರ ವರ್ಷಗಳಿಗೂ ಮಿಕ್ಕು ಕಾದುಕೊಂಡಿತು. ಕಾಗದಕ್ಕೆ ಆ ಆಯುಷ್ಯವಿಲ್ಲ. ಈ ತಾಲ್ಲೂಕುಗಳ ಕಾಲೇಜುಗಳ ಇತಿಹಾಸ ವಿಭಾಗಗಳು ತಮ್ಮ ಊರಿನ ಪತ್ರಿಕೆಗಳನ್ನು ಪಕ್ಷಭೇದವಿಲ್ಲದೆ ಸಂಗ್ರಹಿಸಿ, 2005ರ ಮಾಹಿತಿ ಹಕ್ಕು ಕಾನೂನಿನ ನೆರವಿನಿಂದ ನಡವಳಿಗಳ ಪ್ರತಿಗಳನ್ನು ಪಡೆದು, ಎರಡನ್ನೂ ಒಂದೇ ಕಪಾಟಿನಲ್ಲಿಡುವುದಾದರೆ ಮುಂದಿನ ಅಭ್ಯಾಸಿಗಳಿಗೆ ಮಹೋಪಕಾರವಾದೀತು. ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ಕೆಲಸವನ್ನು ತಮ್ಮ ವಾರ್ಷಿಕ ಕಾರ್ಯಕ್ರಮದಲ್ಲಿ ಸೇರಿಸಿಕೊಳ್ಳಬೇಕೆಂದು ನಮ್ಮ ಸೂಚನೆ.