ಕುಳವಾಡಿ ತಲೆ ಮೇಲಿದ್ದ ನಕ್ಷೆ



ನಮ್ಮ ಸೀಮೆಯ ಹಳೇ ನಕ್ಷೆ ಬಿಚ್ಚಿದ್ರೆ ಮೊದಲು ಕಣ್ಣಿಗೆ ಬೀಳೋದು ಒಂದು ಗಡಿ ಗೆರೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ, ಹನೂರು ಮದ್ರಾಸಿನವು, ಕೊಯಮತ್ತೂರು ಜಿಲ್ಲೆ. ಪಕ್ಕದ ಯಳಂದೂರು ಮೈಸೂರಿನದು; 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಹೋದ ಊರು. ಎರಡೂ ಕಡೆ ನೆಂಟಸ್ತನ ಒಂದೇ, ಅಳತೆ ಪುಸ್ತಕ ಮಾತ್ರ ಬೇರೆ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಾಲಿನ್ ಮೆಕೆಂಜಿ ಮೈಸೂರಿನ ಸರ್ವೆ ಶುರು ಮಾಡಿದ. ಅವನ ಹೆಸರು, ಅವನ ಸಹಾಯಕರಾದ ಕಾವಲಿ ಸೋದರರ ಹೆಸರು ಚರಿತ್ರೆಯಲ್ಲಿವೆ. ಚೈನು ಎಳೆದವರ ಹೆಸರಿಲ್ಲ. ಇರಲಿ.

ಅದಕ್ಕೂ ಮೊದಲು ಊರಿನ ಎಲ್ಲೆ ಗೊತ್ತಿದ್ದದ್ದು ಯಾರಿಗೆ? ಇನ್ನೊಬ್ಬ ಮೆಕೆಂಜಿ, ಕ್ಯಾಪ್ಟನ್ ಜೆ.ಎಸ್.ಎಫ್. ಮೆಕೆಂಜಿ, 1870ರ ದಶಕದಲ್ಲಿ ಮೈಸೂರು ಹಳ್ಳಿಗಳ ಬಗ್ಗೆ ಬರೆದದ್ದನ್ನ ಥರ್ಸ್ಟನ್ 1909ರ ತನ್ನ ಗ್ರಂಥದಲ್ಲಿ ಎತ್ತಿ ಹಾಕಿದಾನೆ. ಎಲ್ಲೆ ಜಗಳ ಬಂದ್ರೆ ಹೊಲೆಯರ ಕುಳವಾಡಿ ಹೇಳಿದ್ದೇ ಕೊನೆ. ತಲೆ ಮೇಲೆ ಮಣ್ಣಿನ ಉಂಡೆ, ಅದರ ನಡುವೆ ನೀರು. ಹಾಗೇ ಎಲ್ಲೆ ಉದ್ದಕ್ಕೂ ನಡೀಬೇಕು. ಹೆಜ್ಜೆ ತಪ್ಪಿದ್ರೆ ಉಂಡೆ ತಾನಾಗೇ ಒಡೀತದೆ, ಹದಿನೈದು ದಿನದಲ್ಲಿ ಅವನು ಸಾಯ್ತಾನೆ, ಮನೆ ಹಾಳಾಗ್ತದೆ ಅಂತ ನಂಬಿಕೆ.

ಇದನ್ನ ನಮಗಿದ್ದ ಗೌರವ ಅಂತ ಬರೆಯೋರಿದ್ದಾರೆ. ನಾನು ಒಪ್ಪಲ್ಲ. ಎಲ್ಲೆ ತೋರಿಸೋ ಹೊಣೆ ನಮ್ದು, ತಪ್ಪಿದ್ರೆ ಸಾವೂ ನಮ್ದು, ಎಲ್ಲೆ ಒಳಗಿನ ಭೂಮಿ ಮಾತ್ರ ಇನ್ಯಾರದೋ! ಸರ್ವೆ ಕಲ್ಲು, ನಂಬರು ಬಂದ ಮೇಲೆ ಆ ಹೊಣೆಯೂ ಹೋಯ್ತು, ಭೂಮಿಯೂ ಬರಲಿಲ್ಲ.

ಮದ್ರಾಸಿನ ಕಾಲದ್ದೊಂದು ವಿಷಯ ನಾವು ಮರೆತೇಬಿಟ್ಟಿದೀವಿ. ಚೆಂಗಲ್‌ಪಟ್ಟು ಕಲೆಕ್ಟರ್ ಟ್ರೆಮೆನ್‌ಹೀರ್ ವರದಿ ಮೇಲೆ 1892ರಲ್ಲಿ ಆ ಸರ್ಕಾರ ಅಸ್ಪೃಶ್ಯರಿಗೆ ಭೂಮಿ ಕೊಡೋ ಆದೇಶ ಮಾಡಿತ್ತು. ತಮಿಳುನಾಡಿನ ನಮ್ಮವರು ಇವತ್ತಿಗೂ ‘ಪಂಚಮಿ ನಿಲಂ’ ಅಂತ ಹಳೇ ದಾಖಲೆ ಹಿಡಿದು ಬಡಿದಾಡ್ತಿದಾರೆ. ಆಗ ಕೊಳ್ಳೇಗಾಲವೂ ಮದ್ರಾಸೇ ಅಲ್ವಾ? 1956ರ ಹಿಂದಿನ ರಿಜಿಸ್ಟರುಗಳನ್ನ ನಮ್ಮಲ್ಲಿ ಎಷ್ಟು ಜನ ತೆಗೆಸಿ ನೋಡಿದೀವಿ? 1978ರ ಪಿಟಿಸಿಎಲ್ ಕಾಯ್ದೆಗೆ ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿಯೂ ಆಯ್ತು. ಆದ್ರೆ ಮಂಜೂರಾತಿ ತೋರಿಸೋಕೆ ಕಾಗದ ಬೇಕಲ್ಲ.

ಮೊದಲು ಗ್ರಾಮ ನಕ್ಷೆ ತೆಗೀರಿ, ಸರ್ವೆ ಇಲಾಖೆ ವೆಬ್‌ಸೈಟಿನಲ್ಲೇ ಸಿಗ್ತದೆ. ಕೇರಿ, ಸ್ಮಶಾನ, ಅಲ್ಲಿಗೆ ಹೋಗೋ ದಾರಿ, ಮೂರನ್ನೂ ಹುಡುಕಿ. ಹೆಣ ಹೊತ್ಕೊಂಡು ಬೇರೆಯವರ ಗದ್ದೆ ಬದುವಿನ ಮೇಲೆ ಹೋಗೋ ಕೇರಿಯವರು ಇವತ್ತೇ ನೋಡಿ. ಪಕ್ಕದಲ್ಲಿ ಕೇರಿಯ ಹಿರೀ ಯಜಮಾನರೊಬ್ಬರನ್ನ ಕೂರಿಸ್ಕೊಳ್ಳಿ, ಹಳೇ ದಾರಿ ಎಲ್ಲಿತ್ತು ಅಂತ ಅವರಿಗೆ ಗೊತ್ತಿರ್ತದೆ.