ವಿದ್ಯೆಯೂ ಅಧಿಕಾರವೂ: ಪರಸ್ಥಳದ ನ್ಯಾಯಪದವಿಯ ವಿಷಯದಲ್ಲಿ ಕೆಲವು ವಿಚಾರಗಳು

ಚಾಮರಾಜನಗರದಿಂದ ಮೈಸೂರಿಗೆ ಹೋಗುವ ರೈಲುದಾರಿಯಲ್ಲಿ ಬದನಗುಪ್ಪೆ ಎಂಬ ಗ್ರಾಮವಿರುವುದು. 1926ರಲ್ಲಿ ಈ ದಾರಿಯು ನಂಜನಗೂಡಿನಿಂದ ಚಾಮರಾಜನಗರದವರೆಗೆ ಮುಂದುವರಿದಾಗ ಈ ಸೀಮೆಯ ತರುಣರಿಗೆ ಮೈಸೂರಿನ ಕಾಲೇಜುಗಳು ಹತ್ತಿರವಾದುವು. ಆದರೆ ವಕೀಲನಾಗಬೇಕೆಂದು ಬಯಸಿದವನ ಪ್ರಯಾಣವು ಮೈಸೂರಿನಲ್ಲಿ ಮುಗಿಯುತ್ತಿರಲಿಲ್ಲ. 1948ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಕಾನೂನು ಕಾಲೇಜು ಸ್ಥಾಪಿತವಾಗುವವರೆಗೆ ಮೈಸೂರು ಸಂಸ್ಥಾನದ ಪ್ರಜೆಗಳು ನ್ಯಾಯಪದವಿಗಾಗಿ ಬಹುಮಟ್ಟಿಗೆ ಮದ್ರಾಸಿಗೋ ಮುಂಬಯಿಗೋ ಪುಣೆಗೋ, 1939ರ ಮೇಲೆ ಬೆಳಗಾವಿಗೋ ಹೋಗಬೇಕಾಗಿದ್ದಿತು. ಆ ಊರುಗಳೆಲ್ಲವೂ ಬೇರೆ ಪ್ರಭುತ್ವಕ್ಕೆ ಸೇರಿದವು. ಗುಂಡ್ಲುಪೇಟೆಯನ್ನು ದಾಟಿ ದಕ್ಷಿಣದ ಗಡಿಯಾಚೆಗೆ ಕಾಲಿಟ್ಟರೆ ಮದ್ರಾಸು ಆಧಿಪತ್ಯದ ವಯನಾಡು, ನೀಲಗಿರಿ ಸೀಮೆಗಳು. ಅಲ್ಲಿಯ ನ್ಯಾಯಸ್ಥಾನಗಳೇ ಬೇರೆ. ಆದಕಾರಣ ನ್ಯಾಯಪದವಿಯ ವಿಷಯದಲ್ಲಿ ಪರದೇಶವೆಂಬುದು ಸಮುದ್ರದಾಚೆ ಮಾತ್ರ ಇರುವುದೆಂದು ನಾವು ಎಣಿಸಲಾಗದು.

ಇಂದು ನಮ್ಮ ನಾಡಿನ ಕಾನೂನು ಪದವೀಧರರು ಅನೇಕರು ಅಮೆರಿಕಾ, ಇಂಗ್ಲೆಂಡು ಮೊದಲಾದ ದೇಶಗಳಿಗೆ ಹೋಗಿ, ಅನ್ಯದೇಶೀಯ ವಕೀಲರಿಗೆಂದು ಏರ್ಪಡಿಸಿರುವ ಒಂದು ವರ್ಷದ ಎಲ್‌ಎಲ್.ಎಂ. ವ್ಯಾಸಂಗವನ್ನು ಮಾಡುತ್ತಿರುವರು. ಇದರಿಂದ ಮುಂದೆ ಜೀವನೋಪಾಯವು ಹೇಗೆ ಒದಗುವುದೆಂಬ ಪ್ರಶ್ನೆಯನ್ನು ಅವರ ತಂದೆತಾಯಿಗಳು ಕೇಳುತ್ತಾರೆ. ಪ್ರಶ್ನೆಯು ಹೊಸದಾಗಿ ಕಂಡರೂ ಅದರ ಮೂಲವು ಬಹು ಪ್ರಾಚೀನವಾದುದು. ವ್ಯವಹಾರಶಾಸ್ತ್ರದಲ್ಲಿ ವಿದ್ಯೆ ಬೇರೆ, ನ್ಯಾಯಸ್ಥಾನದಲ್ಲಿ ನಿಂತು ಮಾತನಾಡುವ ಅಧಿಕಾರವು ಬೇರೆ ಎಂಬುದನ್ನು ಇತಿಹಾಸದಿಂದ ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ವಿದ್ಯೆಯ ಸಂಚಾರವನ್ನು ನೋಡೋಣ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದನು. ಕನ್ನಡ ನಾಡಿನಲ್ಲಿ ಹುಟ್ಟಿದ ಈ ಗ್ರಂಥವು ಕಾಶಿ ಮಿಥಿಲೆಗಳವರೆಗೂ ಪ್ರಮಾಣವೆನಿಸಿತು. ದಾಯಭಾಗವು ಪ್ರಧಾನವಾಗಿದ್ದ ವಂಗದೇಶವನ್ನು ಬಿಟ್ಟರೆ ದಾಯವಿಚಾರದಲ್ಲಿ ಇದರ ಮಾತೇ ಭರತಖಂಡದ ಬಹುಭಾಗದಲ್ಲಿ ನಡೆಯಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಇಟಲಿಯ ಬೊಲೋನ್ಯ ನಗರದಲ್ಲಿ ಇರ್ನೇರಿಯಸ್ ಎಂಬ ಆಚಾರ್ಯನು ರೋಮನರ ಧರ್ಮಸಂಹಿತೆಗಳಿಗೆ ವ್ಯಾಖ್ಯಾನ ಹೇಳುತ್ತಿದ್ದನು. ಆಲ್ಪ್ಸ್ ಪರ್ವತದಾಚೆಯಿಂದಲೂ ಶಿಷ್ಯರು ಅಲ್ಲಿಗೆ ಬಂದು ಸೇರಿದರು. ಹೀಗೆ ಬಂದ ವಿದ್ಯಾರ್ಥಿಗಳನ್ನು ಅವರ ದೇಶಸ್ಥರು ಮಾಡಿದ ಸಾಲಕ್ಕಾಗಿ ಹಿಡಿಯಕೂಡದೆಂದು ಫ್ರೆಡರಿಕ್ ಚಕ್ರವರ್ತಿಯು 1158ರಲ್ಲಿ ಶಾಸನ ಮಾಡಿದನು. ಪರದೇಶದ ವಿದ್ಯಾರ್ಥಿಗೆ ಕಲಿಕೆಗಿಂತ ಮುಂಚೆ ರಕ್ಷಣೆಯು ಬೇಕಾಗಿದ್ದಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ಅಧಿಕಾರದ ಮಾತು. ಇದಕ್ಕೆ ಪಾಠಶಾಲೆಗಳಲ್ಲಿ ಓದಿದ ನಮ್ಮವರ ಕಥೆಯೇ ತಕ್ಕ ನಿದರ್ಶನ. 1772ರಲ್ಲಿ ವಾರನ್ ಹೇಸ್ಟಿಂಗ್ಸನು ಹಿಂದುಗಳ ದಾಯ ವಿವಾಹಾದಿ ವಿಷಯಗಳನ್ನು ಶಾಸ್ತ್ರಾನುಸಾರವಾಗಿ ತೀರ್ಮಾನಿಸಬೇಕೆಂದು ಗೊತ್ತುಮಾಡಿದಂದಿನಿಂದ ಕಂಪೆನಿಯ ನ್ಯಾಯಸ್ಥಾನಗಳಲ್ಲಿ ಪಂಡಿತರು ವ್ಯವಸ್ಥೆಯನ್ನು ಹೇಳುತ್ತಿದ್ದರು. 1810ರಲ್ಲಿ ಕೋಲ್‌ಬ್ರೂಕನು ಮಿತಾಕ್ಷರೆಯ ದಾಯಪ್ರಕರಣವನ್ನು ಇಂಗ್ಲಿಷಿಗೆ ಪರಿವರ್ತಿಸಿದನು. ಕಾಲಕ್ರಮದಲ್ಲಿ ತೀರ್ಪುಗಳ ಸಂಗ್ರಹಗಳು ಬೆಳೆದುವು. 1864ರ ಕಾನೂನಿನಿಂದ ಪಂಡಿತರ ಹುದ್ದೆಗಳು ರದ್ದಾದುವು. ಆ ದಿನದ ಹಿಂದೆಯೂ ಮುಂದೆಯೂ ಪಂಡಿತನಿಗೆ ತಿಳಿದಿದ್ದುದು ಅದೇ ಮಿತಾಕ್ಷರೆ. ಅವನ ವಿದ್ಯೆಯಲ್ಲಿ ಒಂದಕ್ಷರವೂ ಕುಂದಲಿಲ್ಲ. ಆದರೂ ಮೂಲವನ್ನು ಬಲ್ಲವನು ಹೊರಗುಳಿದನು. ಭಾಷಾಂತರವನ್ನು ಓದಿ ಪದವಿ ಪಡೆದವನು ಒಳಗೆ ನಿಂತನು. ಇದನ್ನು ಬರಿಯ ಅನ್ಯಾಯವೆಂದು ಹಳಿಯುವುದು ಸುಲಭ. ಪಂಡಿತರ ಅಭಿಪ್ರಾಯಗಳು ಪರಸ್ಪರ ವಿರುದ್ಧವಾಗಿರುತ್ತವೆಂಬ ಸಂಶಯವು ಆಗಿನ ನ್ಯಾಯಾಧೀಶರಲ್ಲಿ ಬೇರೂರಿದ್ದಿತೆಂಬುದನ್ನೂ ಒಪ್ಪಬೇಕು.

ಮೈಸೂರಿನಲ್ಲಿ 1884ರಲ್ಲಿ ಚೀಫ್ ಕೋರ್ಟು ಸ್ಥಾಪಿತವಾಗಿ 1930ರಲ್ಲಿ ಹೈಕೋರ್ಟಾಯಿತು. ಈ ನ್ಯಾಯಸ್ಥಾನದ ಬಾಗಿಲು ಹೊರಗಿನ ಪದವಿಗೆ ತೆರೆದಿದ್ದುದರಿಂದಲೇ ಸಂಸ್ಥಾನದ ತರುಣನು ಪರಸ್ಥಳದಲ್ಲಿ ಓದಿದ್ದು ಸಾರ್ಥಕವಾಯಿತು. ಇಂದಿನ ಮಂಡ್ಯ ಜಿಲ್ಲೆಯ ಇಂಗಲಗುಪ್ಪೆಯವರಾದ ಇ. ಎಸ್. ವೆಂಕಟರಾಮಯ್ಯನವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ, ಕಾನೂನನ್ನು ಪುಣೆ ಬೆಳಗಾವಿಗಳಲ್ಲಿ ಅಭ್ಯಾಸಮಾಡಿ, 1946ರಲ್ಲಿ ವಕೀಲರಾದರು. 1989ರಲ್ಲಿ ಭಾರತದ ಮುಖ್ಯ ನ್ಯಾಯಾಧೀಶರಾದರು. ಆದರೆ ಹೊರಗೆ ಕಲಿತದ್ದಷ್ಟೇ ಮೈಸೂರಿನ ವಕೀಲನಿಗೆ ಸಾಲುತ್ತಿರಲಿಲ್ಲ. 1933ರಲ್ಲಿ ಸಂಸ್ಥಾನವು ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನನ್ನು ಮಾಡಿ, ಅವಿಭಕ್ತ ಕುಟುಂಬದ ವಿಭಾಗಕಾಲದಲ್ಲಿ ಹೆಂಗಸರಿಗೂ ಪಾಲನ್ನು ವಿಧಿಸಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರ ಆಸ್ತಿಹಕ್ಕಿನ ಕಾನೂನು ಬಂದುದು 1937ರಲ್ಲಿ. ಪುಣೆಯಲ್ಲಿ ದಾಯಭಾಗ ಮಿತಾಕ್ಷರೆಗಳನ್ನು ಚೆನ್ನಾಗಿ ಓದಿದವನೂ ಚಾಮರಾಜನಗರದ ಒಂದು ಪಾಲಿನ ವ್ಯಾಜ್ಯವನ್ನು ನಡೆಸಬೇಕಾದರೆ ತನ್ನ ನಾಡಿನ ಕಾನೂನನ್ನು ಹೊಸದಾಗಿ ಕಲಿಯಬೇಕಾಗಿದ್ದಿತು.

ಈಗಿನ ಸ್ಥಿತಿಯೂ ಈ ನಿಯಮಕ್ಕೆ ಹೊರತಲ್ಲ. 1961ರ ವಕೀಲರ ಕಾಯಿದೆಯ ಪ್ರಕಾರ ಭಾರತದ ನ್ಯಾಯಸ್ಥಾನಗಳಲ್ಲಿ ವಾದಿಸುವ ಅಧಿಕಾರವು ಬಾರ್ ಕೌನ್ಸಿಲಿನ ದಾಖಲೆಯಿಂದ ಬರತಕ್ಕದ್ದು. ಹೊರದೇಶದ ವಕೀಲರು ಇಲ್ಲಿ ವೃತ್ತಿ ನಡೆಸಕೂಡದೆಂದೂ, ಆಗಾಗ್ಗೆ ಬಂದು ತಮ್ಮ ದೇಶದ ಕಾನೂನಿನ ವಿಷಯದಲ್ಲಿ ಸಲಹೆ ಕೊಟ್ಟು ಹೋಗಬಹುದೆಂದೂ ಸುಪ್ರೀಂ ಕೋರ್ಟು 2018ರಲ್ಲಿ ನಿರ್ಣಯಿಸಿತು. ನಮ್ಮವರು ಹೊರಗೆ ಹೋದಾಗಲೂ ಇಂತಹುದೇ ಕಟ್ಟಳೆಯುಂಟು. ಅಮೆರಿಕಾದಲ್ಲಿ ಪ್ರತಿಯೊಂದು ರಾಜ್ಯದ ನಿಯಮವೂ ಬೇರೆ. ನ್ಯೂಯಾರ್ಕಿನಲ್ಲಿ ಗೊತ್ತಾದ ಷರತ್ತುಗಳಿಗೆ ಒಳಪಟ್ಟ ಎಲ್‌ಎಲ್.ಎಂ. ಪದವಿಯಿಂದ ಅನ್ಯದೇಶೀಯನಿಗೆ ಅಲ್ಲಿಯ ವಕೀಲರ ಪರೀಕ್ಷೆಗೆ ಕೂರುವ ಅರ್ಹತೆಯು ಬರಬಹುದು. ಬೇರೆ ಎಷ್ಟೋ ರಾಜ್ಯಗಳಲ್ಲಿ ಅದೊಂದರಿಂದಲೇ ಬರುವುದಿಲ್ಲ. ಇಂಗ್ಲೆಂಡಿನಲ್ಲಿ 2021ರಿಂದ ಸಾಲಿಸಿಟರುಗಳಿಗೆ ಪ್ರತ್ಯೇಕ ಅರ್ಹತಾ ಪರೀಕ್ಷೆಯಿದೆ, ಅದಕ್ಕೆ ಎಲ್‌ಎಲ್.ಎಂ. ಆವಶ್ಯಕವೇ ಅಲ್ಲ.

ಹಾಗಾದರೆ ಪರದೇಶದ ಪದವಿಯು ನಿಷ್ಫಲವೇ? ಅಲ್ಲ. ಕೆಲ್ಲಂಬಳ್ಳಿ–ಬದನಗುಪ್ಪೆಯಲ್ಲಿ ಇಂದು ಕೈಗಾರಿಕಾ ಪ್ರದೇಶವಿರುವುದು. ಹೊರದೇಶಗಳೊಡನೆ ವ್ಯಾಪಾರ ಮಾಡುವ ಕಾರ್ಖಾನೆಗಳ ಕರಾರು, ಪಂಚಾಯಿತಿ ತೀರ್ಪು, ಅಧ್ಯಾಪನ, ಸಂಶೋಧನೆ ಇವುಗಳಲ್ಲಿ ಆ ವಿದ್ಯೆಗೆ ಬೆಲೆಯುಂಟು. ಆದರೆ ಅದೇ ಸೀಮೆಯ ರೈತನ ಭೂಮಿಯ ಪರಿಹಾರದ ಮೊಕದ್ದಮೆಯು ಚಾಮರಾಜನಗರದ ನ್ಯಾಯಾಲಯದಲ್ಲಿ ನಡೆಯುವಾಗ ಬೇಕಾದುದು ಇಲ್ಲಿಯ ಸನ್ನದು, ಇಲ್ಲಿಯ ಕಾನೂನಿನ ಜ್ಞಾನ, ಕನ್ನಡದ ಪತ್ರಗಳನ್ನು ಓದಿ ಅರ್ಥಮಾಡಿಕೊಳ್ಳುವ ಶಕ್ತಿ.

ಸಾಹಿತ್ಯದ ಉಪಾಧ್ಯಾಯರಾದ ನಮ್ಮ ಬಳಿಗೂ ಶಿಷ್ಯರು ಇಂತಹ ಸಲಹೆಗಾಗಿ ಬರುವುದುಂಟು. ಹೊಲವನ್ನು ಅಡವಿಟ್ಟು ಹಣ ತಂದು ಹೊರಡುವವನಿಗೆ ವಿದ್ಯಾಲಯದ ಕೀರ್ತಿಯನ್ನು ಮಾತ್ರ ಹೇಳಿ ಕಳುಹಿಸಬಾರದು. ಈ ಪದವಿಯು ಯಾವ ನ್ಯಾಯಸ್ಥಾನದ ಬಾಗಿಲನ್ನು, ಯಾವ ಷರತ್ತಿನ ಮೇಲೆ ತೆರೆಯುವುದೆಂದು ಮೊದಲು ವಿಚಾರಿಸೆಂದು ಹೇಳಬೇಕು. 1864ರ ಪಂಡಿತನಿಗೆ ಹಾಗೆ ವಿಚಾರಿಸುವ ಅವಕಾಶವಿರಲಿಲ್ಲ. ಇಂದಿನ ತರುಣನಿಗೆ ಹೊರಡುವ ಮುಂಚೆ ಅದು ಇದೆ.